ರಾಗಿ ಕಾವಲಿನ ಕ್ಯಾಸೆಟ್ಟು

ಎಚ್.ಡಿ. ಕೋಟೆ
೧೪-೮-೨೦೦೪

ಮಹದೇವಪ್ರಸಾದ್ ಅಣ್ಣನವರಿಗೆ ಕಾವ್ಯಶ್ರೀ ಮಾಡುವ ನಮಸ್ಕಾರ.

ನಿಮ್ಮ ಕಾಗದ ಸೇರಿತು. ಎಷ್ಟೋ ವರ್ಷದ ಹಿಂದೆ ರಜದಲ್ಲಿ ನೀವು ತಂದ ಕಂಪ್ಯೂಟರನ್ನು ನಮ್ಮ ಟಿವಿಗೆ ಸಿಕ್ಕಿಸಿ ನಮ್ಮಣ್ಣ ಧರ್ಮೇಂದ್ರ ಬರೆದಿದ್ದ ‘ರಾಗಿ ಕಾವಲು’ ಆಟವನ್ನು ಈಗಿನ ಹುಡುಗರೂ ಆಡೋ ಹಾಗೆ ಮಾಡ್ತೀರಂತೆ. ಮಾಡಿ. ಅಟ್ಟಣೆ ಮೇಲೆ ಕೂತು ಆನೆ ಓಡಿಸೋದು ಅವರಿಗೆ ಹಿಡಿಸುತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

ಅಣ್ಣ ಆ ಆಟ ತುಂಬಿಟ್ಟಿದ್ದ ಕ್ಯಾಸೆಟ್ ಕಳಿಸಿದ್ದೀನಿ. ಇರೋದು ಇದೊಂದೇ. ಆಟವೆಲ್ಲ ಕಂಪ್ಯೂಟರ್ ಓದೋ ಆ ಕೀಚಲು ಸದ್ದಿನಲ್ಲಿದೆ, ಶುರುವಿನ ಮಾತು ಅಡ್ಡ ಬಂದರೆ ಅಳಿಸ್ತೀನಿ ಅಂತ ಬರೆದಿದ್ದೀರಿ. ದಯವಿಟ್ಟು ಅಳಿಸಬೇಡಿ. ಅಣ್ಣ ಆಟದ ಹೆಸರು ಹೇಳ್ತಿರುವಾಗ ಅವ್ವ ಒಳಗಿನಿಂದ, “ಮುದ್ದೆ ಆರೋಯ್ತದೆ, ಬಾರ್ಲಾ” ಅಂತ ಕೂಗ್ತಾಳೆ. ಅವನು “ಬಂದೆ ಕಣವ್ವ” ಅಂತಾನೆ. ಅಷ್ಟೇ.

ಆ ಜಾಗದಲ್ಲಿ ಟೇಪು ಸವೆದಿದೆ, ಹುಷಾರಾಗಿ ಹಾಕಿ. ಅಣ್ಣ ತೀರಿಕೊಂಡ ಮೇಲೆ ಅವ್ವ ದಿನಾ ಉಣ್ಣೋ ಮುಂಚೆ ಅಷ್ಟನ್ನು ಕೇಳ್ತಾಳೆ. ಆಟದ ಸದ್ದು ಶುರುವಾಗೋ ಮುಂಚೆಯೇ ನಿಲ್ಲಿಸಿ, ವಾಪಸ್ ಸುತ್ತಿಡ್ತಾಳೆ. ಹಾಗಾಗಿ ನಿಮಗೆ ಬೇಕಾದ ಭಾಗ ಹೊಸದರ ಹಾಗೇ ಇದೆ.

ಹೊಸ ಆಟ ನಮಗೆ ಕಳಿಸಬೇಕಾಗಿಲ್ಲ, ಮನೇಲಿ ಕಂಪ್ಯೂಟರ್ ಇಲ್ಲ. ಕ್ಯಾಸೆಟ್ ಮಾತ್ರ ರಿಜಿಸ್ಟರ್ ಪೋಸ್ಟಿನಲ್ಲಿ ಬೇಗ ಕಳಿಸಿ. ಟೇಪ್ ರೆಕಾರ್ಡರನ್ನೂ ಎತ್ತಿಟ್ಟು, ಎರಡನ್ನೂ ಇಲ್ಲೇ ಪಕ್ಕದ ಹ್ಯಾಂಡ್‌ಪೋಸ್ಟ್ ಊರಿನ ಅಂಗಡೀಲಿ ರಿಪೇರಿಗೆ ಕೊಟ್ಟಿದ್ದೀನಿ ಅಂತ ಅವ್ವನಿಗೆ ಹೇಳಿದ್ದೀನಿ.

“ಸರಿ ಬುಡು, ಅದು ಬಂದ್ಮೇಲೇ ಉಣ್ತೀನಿ” ಅಂದಳು.

ನಿಮ್ಮ ಗೆಳೆಯನ ತಂಗಿ,
ಕಾವ್ಯಶ್ರೀ