ನಾನು ತಪ್ಪಾಗಿ ಓದಿದ ಹಸುಗಳು

ಮಾರ್ಚ್ 4, ಬೆಳಿಗ್ಗೆ

ಸ್ಲೈಡು, ಎಣ್ಣೆ ಹನಿ, ಲೆನ್ಸು. ಹೊಳೆ ಈಚೆಯ ನೂರು ಹಸುಗಳ ರಕ್ತ ಓದಿ ಮುಗಿಯಿತು. ಮೂವತ್ತೊಂದರಲ್ಲಿ ರಕ್ತಕಣದೊಳಗೆ ಪರಾವಲಂಬಿ. ಉಣ್ಣೆಹುಳ ಕಚ್ಚಿ ಅಂಟಿಸುವ ರೋಗ. ಹೊಳೆ ಆಚೆ ನೂರರಲ್ಲಿ ಬರೀ ಹದಿನೈದು. ಬಾಸ್ ಖುಷಿಯೋ ಖುಷಿ. ಈ ಅಂಕಿ ಹಿಡಿದು ಸೆಮಿನಾರ್‌ನಲ್ಲಿ ಮಾತಾಡುತ್ತಾರಂತೆ. ಔಷಧಿ ಮೊದಲು ಈಚೆಗೆ, ಆಚೆಯವರು ಕಾಯಲಿ ಎಂದು ತೀರ್ಮಾನ.

ಲ್ಯಾಬಿನಲ್ಲಿ ಸ್ಲೈಡಿನ ಬಣ್ಣ ಸೋಸುವ ಫಿಲ್ಟರ್ ಪೇಪರ್ ಮುಗಿದು ವಾರವಾಯಿತು. ಕೇಳಿ ಕೇಳಿ ಸಾಕಾಯಿತು.

ಮಾರ್ಚ್ 9

ಹೊಳೆ ಈಚೆಯ ಹಾಲಿನವಳು ಲ್ಯಾಬಿಗೇ ನುಗ್ಗಿದಳು. "ನನ್ನ ಹಸು ಕಿವಿಗೆ ಕೆಂಪು ಬಿಲ್ಲೆ ಹೊಡೆದು ಕೂಡಿ ಹಾಕಿದ್ದೀರಲ್ಲ, ಅದು ಗಡದ್ದಾಗಿ ತಿಂತಿದೆ, ಮೆಲುಕು ಹಾಕ್ತಿದೆ. ರೋಗ ಅದಕ್ಕಾ, ನಿನ್ನ ಕಣ್ಣಿಗಾ?"

ಮೈ ಉರಿದುಹೋಯಿತು. ಹದಿನಾಲ್ಕು ವರ್ಷದಿಂದ ರಕ್ತ ಓದುವವಳಿಗೆ ಪಾಠ ಹೇಳೋಕೆ ಬಂದಳು! ತೋರಿಸಿಯೇ ಬಿಡುತ್ತೇನೆ ಅಂತ ಅವಳ ಹಸುವಿನ ಸ್ಲೈಡ್ ಇಟ್ಟೆ. ಫೋಕಸ್ ತಿರುಗಿಸಿದೆ. ರಕ್ತಕಣ ಮಸುಕಾಯಿತು, ಚುಕ್ಕೆ ಮಾತ್ರ ಸ್ಪಷ್ಟ. ಮತ್ತೆ ತಿರುಗಿಸಿದೆ... ಚುಕ್ಕೆ ಕಣದ ಒಳಗಿಲ್ಲ. ಮೇಲೆ ಕೂತಿದೆ.

ಪರಾವಲಂಬಿಯಲ್ಲ. ಸೋಸದೆ ಹಾಕಿದ ಬಣ್ಣದ ಕಸ.

"ನಾಳೆ ಬಾ" ಅಂದೆ.

ಮಾರ್ಚ್ 10

ಪಕ್ಕದ ಕಾಲೇಜಿನಿಂದ ಫಿಲ್ಟರ್ ಪೇಪರ್ ಬೇಡಿ ತಂದೆ. ಪ್ರತಿ ಹಸುವಿಗೂ ಎರಡು ಸ್ಲೈಡ್ ಎಳೆದಿರುತ್ತೇವೆ, ಪುಣ್ಯಕ್ಕೆ. ಎರಡನೆಯದಕ್ಕೆ ಸೋಸಿದ ಬಣ್ಣ ಹಾಕಿ ಓದಿದೆ. ಮೂವತ್ತೊಂದಲ್ಲ. ನಾಲ್ಕು! ಆಚೆಯ ಸ್ಲೈಡುಗಳು ಪೇಪರ್ ಮುಗಿಯುವ ಮೊದಲೇ ಸೋಸಿದ ಬಣ್ಣ ಕಂಡವು. ಅಲ್ಲಿ ಹದಿನೈದು ಹದಿನೈದೇ.

ಹಾಲಿನವಳಿಗೆ ತಪ್ಪಾಯಿತು, ಬಿಲ್ಲೆ ತೆಗೆಸುತ್ತೇನೆ ಅಂದೆ. "ಕನ್ನಡಕ ಬದಲಾಯಿಸು" ಅಂದು ಹೋದಳು.

ಮನೆಯಲ್ಲಿ ಅತ್ತೆಯ ಮುಂದೆ ಪೇಪರ್ ಕೊಡದವರನ್ನು ಬೈದೆ. ಅತ್ತೆ ಬಟ್ಟೆ ಮಡಚುತ್ತಲೇ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೋಸದೆ ಹಾಕಿದ ಕೈ ಯಾರದೇ?" ಅಂದರು.

ನನ್ನದೇ.

ಮಾರ್ಚ್ 12

ಬಾಸ್ ಹತ್ತಿರ ಹೋದೆ.

"ತಲೆ ಕೆಟ್ಟಿದೆಯೇನಮ್ಮಾ? ರಿಪೋರ್ಟ್ ಹೋಗಿಯಾಯ್ತು. ಸ್ವಲ್ಪ ಜಾಸ್ತಿ ಅಂದ್ರೆ ಯಾರಿಗೇನು ನಷ್ಟ?"

"ಆಚೆ ಆರು ಹಸು ಸತ್ತಿವೆ ಸಾರ್. ಔಷಧಿಯೆಲ್ಲ ಈಚೆಗೆ ಹೋಗ್ತಿದೆ."

"ಈ ತಿಂಗಳು ನಿನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತೆ. ನೆನಪಿರಲಿ."

ನೆನಪಿದೆ. ಹೆದರಿಕೆಯೂ ಆಯಿತು, ಸುಳ್ಳೇಕೆ. ಆದರೂ ಬಾಗಿಲು ಧಡಾರನೆ ಎಳೆದುಕೊಂಡು ಬಂದೆ. ತಪ್ಪು ನನ್ನದು. ಅದನ್ನು ತಿದ್ದೋಕೆ ಇವರ ಅಪ್ಪಣೆ ಬೇರೆ ಬೇಕಾ?

ಮಾರ್ಚ್ 17, ಮಧ್ಯಾಹ್ನ

ಬರೆಯುವ ಮನಸ್ಸೇ ಇರಲಿಲ್ಲ. ಆಚೆ ಇನ್ನೆರಡು ಹೋದವು. ಒಂದು ಗಬ್ಬದ್ದು.

ಔಷಧಿ ಕಳಿಸಲು ಸ್ಟೋರ್‌ನವರಿಗೆ ಬೇಕಾದದ್ದು ಸ್ಲೈಡ್ ಓದಿದವರ ಸಹಿ. ಬಾಸ್ ಸಹಿ ಅಲ್ಲ! ಇಷ್ಟು ವರ್ಷದಲ್ಲಿ ಇವತ್ತು ಹೊಳೆಯಿತು, ದಡ್ಡಿ. ಹೊಸ ಪಟ್ಟಿ ಬರೆದೆ. ಕೊನೆಗೆ: ಹಿಂದಿನ ಓದು ತಪ್ಪು, ತಪ್ಪು ನನ್ನದು. ಸಹಿ.

ಸ್ಟೋರಿನವನು ಎರಡು ಸಲ ಓದಿದ. "ಅಕ್ಕಾ, ಇದು ನಿಮ್ಮ ಕುತ್ತಿಗೆಗೇ ಬರುತ್ತೆ."

"ಬರಲಿ. ಗಾಡಿ ತುಂಬು."

3.20

ಗಾಡಿ ಹೊರಟಿತು. ಬಾಸ್ ಫೋನ್. ಎತ್ತಲಿಲ್ಲ. ಡ್ರೈವರ್ ನಂಬರ್ ಇರುವುದು ನನ್ನ ಹತ್ತಿರ ಮಾತ್ರ. ಗಾಡಿ ವಾಪಸ್ ಕರೆಸು ಅಂತಾರೆ, ಗೊತ್ತು. ಸೇತುವೆ ದಾಟಲಿ ಮೊದಲು.

3.40

ಐದನೇ ಸಲ. ಬಡ್ಕೊಳ್ಳಲಿ.

3.55

ಡ್ರೈವರ್ ಫೋನ್. "ದಾಟಿದೆ ಅಕ್ಕಾ. ಜನ ದನ ಹಿಡ್ಕೊಂಡು ರಸ್ತೆಗೇ ಬಂದಿದ್ದಾರೆ."

ಕಣ್ಣು ತುಂಬಿತು. ಒರೆಸಿಕೊಂಡೆ. ಈಗ ಬಾಸ್‌ಗೆ ನಾನೇ ಮಾಡುತ್ತಿದ್ದೇನೆ. ರಿಂಗ್ ಆಗುತ್ತಿದೆ... ಎತ್ತಿದರು. "ಹೇಳಿ ಸಾರ್. ಔಷಧಿ ಆಚೆ ಮುಟ್ಟಿತು. ಈಗ ನೀವು ಏನು ಮಾಡ್ತೀರೋ ಮಾಡಿ."