ಅರಳಿ ಚಿಗುರಿ ಸಿಗ್ನಲ್ ಸತ್ತಾಗ

ನನ್ನ ಬಸಣ್ಣಾ,

ಬೊಮ್ಮಸಂದ್ರದ ಆ ಔಷಧಿ ಫ್ಯಾಕ್ಟರಿಯ ಚಾವಣಿ ಮೇಲೆ ನಾವಿಬ್ಬರೂ ಇಂಟರ್ನೆಟ್ ಡಿಶ್ ಕೂರಿಸಿದ ದಿನ ನೆನಪಿದೆಯಾ? ಎದುರಿನ ಅರಳಿಮರ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಿತ್ತು. ಕೊಂಬೆಗಳ ಸಂದಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಟವರ್ ಕಾಣುತ್ತಿತ್ತು. ಕಣ್ಣಿಗೆ ಕಂಡರೆ ಸಿಗ್ನಲ್ಲೂ ಮುಟ್ಟುತ್ತದೆ ಎಂದೆ ನೀನು. ಮುಟ್ಟಿತು ಕೂಡ. ಆದರೆ ಮರ ಮತ್ತೆ ಚಿಗುರುತ್ತದೆ ಅನ್ನುವುದು ನಿನಗೆ ಹೇಗೆ ಹೊಳೆಯಲಿಲ್ಲ ಮಾರಾಯಾ? ನಮ್ಮ ಗದಗಿನ ಕಡೆ ಅರಳಿ ಚಿಗುರುವುದಿಲ್ಲವಾ? ಬೈಯಬೇಕು ಅನಿಸುತ್ತದೆ, ಬೈಸಿಕೊಳ್ಳಲು ನೀನಿಲ್ಲ.

ಯುಗಾದಿ ಮುಗಿಸಿ ಬಂದಾಗ ಲಿಂಕ್ ಸತ್ತುಹೋಗಿತ್ತು. ಮರ ಗೋಡೆಯ ಹಾಗೆ ತುಂಬಿಕೊಂಡಿತ್ತು. ಎಲೆಯೊಳಗಿನ ನೀರೇ ಸಿಗ್ನಲ್ ಕುಡಿದುಬಿಡುತ್ತದೆ, ಮಳೆಯಲ್ಲಿ ನೆಂದರೆ ಕೇಳಲೇಬೇಡ ಎಂದು ನನಗೆ ಕಲಿಸಿದವನೇ ನೀನು. ಡಿಶ್ಶನ್ನು ಬೇರೆ ಮೂಲೆಗೆ ಸರಿಸೋಣ ಎಂದು ಕೇಳಿದ್ದಕ್ಕೆ ನಮ್ಮ ಕಂಟ್ರಾಕ್ಟರ್ ನಿನ್ನ ಮುಖಕ್ಕೆ ಉಗಿದ. ಸಂಜೆಯೊಳಗೆ ಕೊಂಬೆ ಕಡಿಯದಿದ್ದರೆ ಇಬ್ಬರೂ ಊರಿಗೆ ಗಂಟು ಕಟ್ಟಿ ಎಂದು ಮಚ್ಚು ತಂದು ಕೈಗಿಟ್ಟ.

ಮರ ಹತ್ತುವ ಮುಂಚೆ ನೀನು ಚಪ್ಪಲಿ ಬಿಟ್ಟು ಕಟ್ಟೆಯ ನಾಗರಕಲ್ಲುಗಳಿಗೆ ಕೈ ಮುಗಿದದ್ದನ್ನು ನಾನೊಬ್ಬನೇ ನೋಡಿದೆ. ಮೊದಲ ಕೊಂಬೆ ಬಿದ್ದ ಸದ್ದಿಗೆ ಜನ ಸೇರಿದರು. ಕಟ್ಟೆಗೆ ತಲೆತಲಾಂತರದಿಂದ ಪೂಜೆ ಮಾಡುವ ಮನೆತನದ ಮುನಿರಾಜ ಎಲ್ಲರಿಗಿಂತ ಮುಂದಿದ್ದ.

"ಇಳಿಯೋ ಕೆಳಕ್ಕೆ. ಫ್ಯಾಕ್ಟ್ರಿಗೆ ಅಂತ ಒಲ ಎಲ್ಲಾ ತಗಂಡ್ರಿ, ಇದೊಂದ್ ಉಳದದೆ. ಇದ್ನೂ ಕಡೀತೀಯಾ?"

ನೀನು ಇಳಿದೆ. ಮಚ್ಚು ಕೆಳಗಿಟ್ಟು "ತಪ್ಪಾತ್ರೀ ಯಪ್ಪಾ" ಅಂದೆ. ಮಾತು ಮುಗಿಯುವ ಮೊದಲೇ ದೊಣ್ಣೆ ನಿನ್ನ ಬಾಯಿಗೆ ಬಿತ್ತು. ನನ್ನನ್ನು ಬೋರಲಾಗಿ ನೆಲಕ್ಕೆ ಒತ್ತಿ ಹಿಡಿದಿದ್ದರು, ಬಾಯಿತುಂಬ ಮಣ್ಣು. ಕತ್ತು ತಿರುಗಿಸಿದಾಗ ಕಂಡದ್ದು ಮುನಿರಾಜನ ಕೈಯಲ್ಲಿ ನಿನ್ನದೇ ಮಚ್ಚು. ಅದು ಮೇಲೆದ್ದಿತು, ಇಳಿಯಿತು, ಮತ್ತೆ... ನಿನ್ನ ಕೈ ಆಗಲೂ ಅವನ ಕಾಲನ್ನೇ ಹುಡುಕುತ್ತಿತ್ತು. ಕಡಿದ ಎಲೆಗಳ ಮೇಲೆಲ್ಲ ರಕ್ತ.

ಶವಾಗಾರದ ಹೊರಗೆ ಕಂಟ್ರಾಕ್ಟರ್ ನನ್ನ ಹೆಗಲ ಮೇಲೆ ಕೈ ಹಾಕಿದ. "ಕೊಂಬೆಯಿಂದ ಜಾರಿ ಮಚ್ಚಿನ ಮೇಲೇ ಬಿದ್ದ ಅನ್ನು ಮಗಾ. ಪರ್ಮಿಶನ್ ಇಲ್ದೆ ಮರ ಕಡ್ಸಿದ್ದು ಗೊತ್ತಾದ್ರೆ ನಾನೂ ಒಳಗೆ, ನೀನೂ ಒಳಗೆ." ಮುನಿರಾಜನ ಕಡೆಯವರೂ ಅದನ್ನೇ ಹೇಳುತ್ತಿದ್ದಾರೆ. ನಿನ್ನ ಸಾವಿನ ವಿಷಯದಲ್ಲಿ ಎಲ್ಲರೂ ಎಷ್ಟು ಬೇಗ ಒಂದಾದರು ನೋಡು.

ನಿನ್ನನ್ನು ಊರಲ್ಲಿ ಮಣ್ಣು ಮಾಡಿ ಬರುವಷ್ಟರಲ್ಲಿ ಡಿಶ್ಶನ್ನು ನೀರಿನ ಟ್ಯಾಂಕಿನ ಮೇಲೆ ಕೂರಿಸಿದ್ದರು. ಸಿಗ್ನಲ್ ಚೆನ್ನಾಗಿ ಬರುತ್ತಿದೆ. ಅದನ್ನು ಕೇಳಿ ನನಗೆ ಹುಚ್ಚೇ ಹಿಡಿಯಿತು. ನಿನ್ನೆ ಬೆನ್ನಿಗೆ ಮಚ್ಚು ಸಿಕ್ಕಿಸಿಕೊಂಡು ಮುನಿರಾಜನ ಮನೆವರೆಗೂ ಹೋದೆ. ಅವನು ಜಗುಲಿಯ ಮೇಲೆ ಒಬ್ಬನೇ ಕೂತಿದ್ದ. ಒಂದೇ ಏಟು ಸಾಕಿತ್ತು. ಆದರೆ ನಾನು ಜೈಲು ಸೇರಿದರೆ ನೀನು ಸತ್ತದ್ದು ಹೇಗೆ ಅಂತ ಹೇಳುವವರು ಯಾರು? ಹಲ್ಲು ಕಚ್ಚಿಕೊಂಡು ವಾಪಸು ಬಂದೆ.

ನಾಳೆ ಹೇಳಿಕೆ ಕೊಡಲು ಠಾಣೆಗೆ ಕರೆದಿದ್ದಾರೆ. ಮಚ್ಚು ಬೀಸಿದವನ ಹೆಸರು ಹೇಳುತ್ತೇನೆ, ಅದನ್ನು ನಿನ್ನ ಕೈಗಿಟ್ಟವನ ಹೆಸರನ್ನೂ ಹೇಳುತ್ತೇನೆ. ನನ್ನನ್ನು ಒಳಗೆ ಹಾಕಿದರೆ ಹಾಕಲಿ. ಎಷ್ಟು ಸಲ ಕೇಳಿದರೂ ನನ್ನ ಮಾತು ಒಂದೇ: ಬಸಣ್ಣ ಮರದಿಂದ ಬೀಳಲಿಲ್ಲ, ತಾನಾಗಿಯೇ ಇಳಿದು ಬಂದಿದ್ದ.