ಆ ಕೋಣೆಯ ಮಾತನ್ನೂ ಕೇಳಿಸಿ

ರೆಫರಿಗಳ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಆಟಗಾರನ ಹೆಬ್ಬೆರಳು ಗೆರೆ ದಾಟಿತೋ ಇಲ್ಲವೋ ಎಂದು ಕೂದಲು ಸೀಳಿ ನೋಡುವ ನಿಮ್ಮ ಕಚೇರಿ, ತನ್ನದೇ ವಿಡಿಯೊ ಕೋಣೆಯ ಧ್ವನಿಮುದ್ರಣದಲ್ಲಿರುವ ಎರಡು ಮಾತನ್ನು ಮಾತ್ರ ಯಾರಿಗೂ ಕೇಳಿಸುವುದಿಲ್ಲವಂತೆ. ಅದು ಗೋಪ್ಯವಂತೆ. ಆ ಎರಡು ಮಾತಿನ ಮೇಲೆ ನನ್ನ ತಮ್ಮನ ಮಾನ ನಿಂತಿದೆ.

ನನ್ನ ತಮ್ಮ ಫುಟ್‌ಬಾಲ್ ರೆಫರಿ. ಕಳೆದ ತಿಂಗಳ ಸೆಮಿಫೈನಲ್ ಮುಗಿಯುತ್ತ ಬಂದಾಗ, ಗೋಲಿನ ಮುಂದೆ ಚೆಂಡು ಒಬ್ಬ ಡಿಫೆಂಡರನ ತೊಡೆಗೆ ಬಡಿದು ಅಲ್ಲಿಂದ ಕೈಗೆ ತಾಗಿತು. ತಮ್ಮ ಪಕ್ಕದಲ್ಲೇ ಇದ್ದ. ಬೇಕೆಂದು ಕೈ ಒಡ್ಡಿದ್ದಲ್ಲ ಎಂದು ಆಟ ಮುಂದುವರಿಸಿದ. ಅಷ್ಟರಲ್ಲಿ ಕಿವಿಯೊಳಗಿನ ಯಂತ್ರದಲ್ಲಿ ವಿಡಿಯೊ ಕೋಣೆಯಿಂದ ಕರೆ ಬಂತು, ಬಂದು ನೋಡಿ ಎಂದು. ಓಡಿದ. ಮೈದಾನದಂಚಿನ ಪರದೆಯಲ್ಲಿ ಕೈಯೂ ಚೆಂಡೂ ಅಂಟಿಕೊಂಡು ನಿಂತಿದ್ದವು. ತೊಡೆಯ ಸುಳಿವೇ ಇಲ್ಲ. ಇದಕ್ಕಿಂತ ಹಿಂದಿನದನ್ನು ತೋರಿಸಿ ಎಂದು ಕೇಳಿದನಂತೆ. ಇದೇ ಸ್ಪಷ್ಟವಾಗಿದೆ, ಬೇಗ ತೀರ್ಮಾನಿಸಿ ಎಂದರಂತೆ. ಗ್ಯಾಲರಿ ಕಿವಿ ಕಿತ್ತುಹೋಗುವಂತೆ ಕೂಗುತ್ತಿತ್ತು. ಪೆನಾಲ್ಟಿ ಕೊಟ್ಟ. ಡಿಫೆಂಡರನ ತಂಡ ಸೋತು ಹೊರಬಿತ್ತು.

ವಾರದೊಳಗೆ ನಿಮ್ಮ ಪ್ರಕಟಣೆ ಬಂತು: ಮೊದಲಿನ ತೀರ್ಮಾನವೇ ಸರಿಯಿತ್ತು, ರೆಫರಿ ಪೂರ್ತಿ ದೃಶ್ಯ ಕೇಳದೆ ಅವಸರಪಟ್ಟರು, ವಿಚಾರಣೆ ಮುಗಿಯುವವರೆಗೆ ಅಮಾನತು. ಕೋಣೆಯಲ್ಲಿ ಕುಳಿತವರ ಬಗ್ಗೆ ಒಂದಕ್ಷರವಿಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಆ ಕೋತಿಗಾದರೂ ಹೊಟ್ಟೆ ತುಂಬಿತ್ತು. ನಿಮಗೇನು ಸಿಕ್ಕಿತು?

ಅಂದಿನಿಂದ ತಮ್ಮ ಕೂತಲ್ಲಿ ಕೂರುವುದಿಲ್ಲ. ಮಕ್ಕಳು ಜಗಳವಾಡಿ ನ್ಯಾಯ ಕೇಳಿದರೆ ಅಮ್ಮನ ಹತ್ತಿರ ಹೋಗಿ ಎನ್ನುತ್ತಾನೆ. ರಸ್ತೆ ದಾಟಲು ನಿಂತರೆ ನಿಂತೇ ಇರುತ್ತಾನೆ. ಬಸ್ಸು ಇನ್ನೂ ದೂರವಿದೆ ಎಂದು ಹೆಂಡತಿ ಕೈ ಹಿಡಿದು ಎಳೆಯಬೇಕು.

ವಿಡಿಯೊ ಬೇಡ ಎನ್ನುತ್ತಿಲ್ಲ. ಹಿಂದೊಮ್ಮೆ ಅವನು ತಪ್ಪಾಗಿ ತಳ್ಳಿಹಾಕಿದ್ದ ಗೋಲನ್ನು ಅದೇ ಪರದೆ ಉಳಿಸಿಕೊಟ್ಟಿತು. ಅವತ್ತು ಹಗುರಾಗಿ ಮನೆಗೆ ಬಂದಿದ್ದ. ಆದರೆ ದೃಶ್ಯವನ್ನು ನಿಧಾನಕ್ಕೆ ಓಡಿಸಿದರೆ ಆಕಸ್ಮಿಕವೂ ಸಂಚಿನಂತೆ ಕಾಣುತ್ತದೆ. ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕೆಂದು ಆರಿಸುವವರೂ ತೀರ್ಪುಗಾರರೇ ಅಲ್ಲವೇ? ಮತ್ತೆ ಬೈಗುಳ, ಅಮಾನತು ಎರಡೂ ಒಬ್ಬನಿಗೇ ಏಕೆ?

ಮೊನ್ನೆ ಭಾನುವಾರ ಆ ಡಿಫೆಂಡರನೇ ಮನೆಗೆ ಬಂದ. ಬಾಗಿಲು ತೆರೆದ ನಾನು ಜಗಳಕ್ಕೇ ಬಂದನೆಂದುಕೊಂಡೆ. ಮೊಣಕಾಲು ಸವೆದಿದೆ, ಇದೇ ಅವನ ಕೊನೆಯ ವರ್ಷ. ಫೈನಲ್ ಆಡುವ ಇನ್ನೊಂದು ಅವಕಾಶ ಅವನಿಗೆ ಬರುವುದಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ನೀರು ಕುಡಿದ. ಆಮೇಲೆ ಹೇಳಿದ:

"ಸರ್, ಅವತ್ತು ವಾದ ಮಾಡೋಕೆ ಅಂತ ನಿಮ್ಮ ಹಿಂದೇನೇ ಬಂದಿದ್ದೆ. ಹಿಂದಿನದ್ದು ತೋರಿಸಿ ಅಂತ ನೀವು ಕೇಳಿದ್ದು ನನ್ನ ಕಿವಿಗೆ ಬಿತ್ತು."

ಇದನ್ನು ವಿಚಾರಣೆಯಲ್ಲಿ ಹೇಳುತ್ತೀಯಾ ಎಂದು ನಾನೇ ಕೇಳಿದೆ.

"ಕ್ಲಬ್ಬಿನವರು ಬೇಡ ಅಂದಿದ್ದಾರೆ ಅಕ್ಕ. ಆದ್ರೂ ಹೇಳ್ತೀನಿ."

ಅಧ್ಯಕ್ಷರೇ, ಸೋತವನೇ ಸಾಕ್ಷಿ ಹೇಳಲು ಬರುತ್ತಿದ್ದಾನೆ. ಧ್ವನಿಮುದ್ರಣವನ್ನು ಬೀಗ ಹಾಕಿಟ್ಟುಕೊಂಡ ನಿಮಗೆ ಮಾತ್ರ ಯಾವ ಭಯ? ವಿಚಾರಣೆಯ ದಿನ ಅದನ್ನು ಎಲ್ಲರೆದುರು ಹಾಕಿ. ಹಿಂದಿನದನ್ನು ತೋರಿಸಿ ಎಂದು ತಮ್ಮ ಕೇಳಿಲ್ಲವೆಂದಾದರೆ ಅವನ ಸೀಟಿಯನ್ನು ನಾನೇ ತಂದು ನಿಮ್ಮ ಮೇಜಿನ ಮೇಲಿಡುತ್ತೇನೆ. ಕೇಳಿದ್ದಾನೆ ಎಂದಾದರೆ ಅವನನ್ನು ಮುಂದಿನ ಪಂದ್ಯಕ್ಕೆ ಕಳಿಸಿ, ಮತ್ತು ಇನ್ನು ಮುಂದೆ ಆ ಕೋಣೆಯಲ್ಲಿ ಬಾಯಿ ತೆರೆದವರ ಮಾತು ಇಡೀ ಮೈದಾನಕ್ಕೆ ಕೇಳಿಸಲಿ.

ಇಂತಿ,
ಆಟದ ನಿಯಮ ಅರ್ಧವಷ್ಟೇ ಗೊತ್ತಿದ್ದು, ರೆಫರಿಗೆ ಬೀಳುವ ಬೈಗುಳ ಪೂರ್ತಿ ಬಾಯಿಪಾಠವಾಗಿರುವ
ಒಬ್ಬ ಅಕ್ಕ